ನೀರಿನ ಬಾಗಿಲಿನ ದೊಡ್ಡ ಮನುಷ್ಯರು

ಅವರು ತೀರಿಕೊಂಡ ಸುದ್ದಿ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಕುವೈತಿನ ಫಿಂಟಾಸಿನ ಮನೆಯಲ್ಲಿ ಹುಳಿಗೆ ಬೇಳೆ ಇಟ್ಟಿದ್ದೆ. ಕುಕ್ಕರ್ ಕೂಗುವುದರೊಳಗೆ ಗುಂಪಿನ ತುಂಬ ಮುಗಿದ ಕೈಗಳು, ಉರಿಯುವ ಹಣತೆಗಳು. ‘ಅಜಾತಶತ್ರು’ ಎಂದು ಒಬ್ಬರು ಬರೆದರು. ‘ಸರಳತೆಯ ಸಾಕಾರ’ ಎಂದು ಇನ್ನೊಬ್ಬರು. ‘ಬಡ ಕಾರ್ಮಿಕರ ಪಾಲಿನ ತಂದೆ’ ಎಂದು ಮತ್ತೊಬ್ಬರು. ಅದನ್ನು ಓದಿ ಫೋನನ್ನು ಮಗುಚಿಟ್ಟು ಒಲೆ ಆರಿಸಿದೆ.

ಸ್ವಲ್ಪ ಹೊತ್ತಿಗೆ ಬಳಗದ ಕಾರ್ಯದರ್ಶಿಗಳ ಫೋನು ಬಂತು. “ಮೇಡಂ, ನೀವು ಸರ್ ಜೊತೆ ಅಷ್ಟು ವರ್ಷ ಕೆಲಸ ಮಾಡಿದೋರು. ಅವರ ನೆನಪಿನ ಸಂಚಿಕೆ ತರ್ತಾ ಇದ್ದೀವಿ. ಒಂದೆರಡು ಪುಟ ಬರ್ದುಕೊಡಿ. ಒಳ್ಳೊಳ್ಳೆ ನೆನಪುಗಳು ಇರ್ತಾವಲ್ಲ” ಎಂದರು. ಇರುತ್ತವೆ ಎಂದೆ. ಪಕ್ಕದಲ್ಲಿ ಕೂತು ಕೇಳಿಸಿಕೊಂಡ ಮಗಳು ನನ್ನ ಮುಖ ನೋಡಿ, “ಅಮ್ಮಾ, ಹಿ ಈಸ್ ಡೆಡ್. ಬಿ ನೈಸ್” ಎಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ನನ್ನ ಮುಖ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಪ್ರಯತ್ನಿಸುತ್ತೇನೆ ಎಂದು ಹೇಳಿದೆ. ಪ್ರಯತ್ನಿಸಿದ್ದೇನೆ ಕೂಡ. ಇದು ಅದರ ಫಲ.

ಮೊದಲು ನಮ್ಮ ಕೆಲಸ ಏನು ಎಂದು ಹೇಳಿಬಿಡುತ್ತೇನೆ. ಫಹಾಹೀಲ್ ದಾಟಿ ಕರಾವಳಿಯ ರಸ್ತೆಯಲ್ಲಿ ದಕ್ಷಿಣಕ್ಕೆ ಹೋದರೆ ಶ್ರೀಮಂತರ ವಿಹಾರದ ದೋಣಿಗಳನ್ನು ನಿಲ್ಲಿಸುವ ಒಂದು ಖಾಸಗಿ ತಾಣವಿದೆ. ಮರಳು ಕೊರೆದು ಸಮುದ್ರದ ನೀರನ್ನು ಒಳಗೆ ಬಿಟ್ಟುಕೊಂಡು ಮಾಡಿದ ಕೊಳ. ಸಮುದ್ರ ಇಳಿದಾಗ ಕೊಳದ ನೀರೂ ಇಳಿದರೆ ದೋಣಿಗಳ ತಳ ಮರಳಿಗೆ ತಾಗುತ್ತದೆ. ಹಾಗಾಗಬಾರದೆಂದು ಕೊಳಕ್ಕೂ ಸಮುದ್ರಕ್ಕೂ ನಡುವೆ ನೀರಿನ ಒಂದು ಕೋಣೆ ಕಟ್ಟಿದ್ದಾರೆ. ಆ ಕಡೆ ಒಂದು ಬಾಗಿಲು, ಈ ಕಡೆ ಒಂದು ಬಾಗಿಲು. ಹೊರಗೆ ಹೋಗುವ ದೋಣಿ ಕೋಣೆಯೊಳಗೆ ಬಂದು ನಿಲ್ಲಬೇಕು, ಹಿಂದಿನ ಬಾಗಿಲು ಮುಚ್ಚಬೇಕು, ಮುಂದಿನ ಬಾಗಿಲ ಬುಡದ ತೂಬು ತೆಗೆದು ನೀರನ್ನು ನಿಧಾನವಾಗಿ ಸಮುದ್ರದ ಮಟ್ಟಕ್ಕೆ ಇಳಿಸಬೇಕು. ಎರಡೂ ಕಡೆಯ ನೀರು ಸಮವಾದ ಮೇಲೆ ಮಾತ್ರ ಬಾಗಿಲು. ಒಳಗೆ ಬರುವ ದೋಣಿಗೆ ಇದೇ ಕೆಲಸ ತಿರುಗಾಮುರುಗಾ. ಇದಕ್ಕೆ ಲಾಕ್ ಎನ್ನುತ್ತಾರೆ. ಗೋಡೆಯ ಮೇಲಿನ ಗಾಜಿನ ಕ್ಯಾಬಿನ್ನಿನಲ್ಲಿ ಕೂತು ರೇಡಿಯೋದಲ್ಲಿ ದೋಣಿಗಳಿಗೆ ಸರದಿ ಹೇಳುವುದು, ಗುಂಡಿ ಒತ್ತಿ ತೂಬು ತೆಗೆಯುವುದು ನನ್ನ ಕೆಲಸ. ಅವರು ಲಾಕಿನ ಮುಖ್ಯಸ್ಥರು.

ನನಗೆ ಆ ಕೆಲಸ ಕೊಟ್ಟವರೂ ಅವರೇ. ಇದನ್ನು ಮುಚ್ಚಿಡುವುದಿಲ್ಲ. ಗಂಡನ ಬ್ಯಾಂಕ್ ನೌಕರಿಯ ಬೆನ್ನು ಹತ್ತಿ ಇಲ್ಲಿಗೆ ಬಂದು, ಎಂಜಿನಿಯರಿಂಗ್ ಡಿಪ್ಲೊಮಾವನ್ನು ಸೂಟ್‌ಕೇಸಿನ ತಳದಲ್ಲಿಟ್ಟು, ಚಪಾತಿ ಒತ್ತಿಕೊಂಡಿದ್ದ ನನ್ನನ್ನು ಬಳಗದ ಒಂದು ಊಟದಲ್ಲಿ ನೋಡಿ, “ಏನಮ್ಮಾ, ಓದಿರೋದೆಲ್ಲ ಉಪ್ಪಿನಕಾಯಿ ಹಾಕಿದ್ದೀಯಾ?” ಎಂದು ಕೇಳಿ ಕರೆದುಕೊಂಡು ಹೋದರು. ನಾನು ಹಾಸನದವಳು, ಅವರು ಮೈಸೂರಿನವರು. ಅಷ್ಟು ಸಾಕಾಯಿತು ಅವರಿಗೆ. ‘ನಮ್ಮವರು’ ಎಂಬುದು ಅವರ ಬಾಯಲ್ಲಿ ಎಲೆಅಡಿಕೆಯಂತೆ ಸದಾ ಇರುತ್ತಿದ್ದ ಮಾತು.

ಕೆಲಸ ಕಲಿಸಿದ್ದೂ ಅವರೇ, ಅದೂ ಚೆನ್ನಾಗಿ ಕಲಿಸಿದರು. ನೀರು ಸಮವಾಗಿದೆಯೇ ಎಂದು ಅಳತೆಪಟ್ಟಿ ನೋಡುವ ಮೊದಲು ಬಾಗಿಲ ಸಂದಿನ ನೊರೆ ನೋಡಬೇಕು ಎಂದು ತೋರಿಸಿಕೊಟ್ಟರು. ತೂಬು ತೆಗೆದ ಕೂಡಲೇ ಕೋಣೆಯ ನೀರು ಹೇಗೆ ದೋಣಿಗಳನ್ನು ಮುಂದಕ್ಕೆ ಎಳೆಯುತ್ತದೆ, ಆಗ ಹಗ್ಗ ಹಿಡಿದವನ ಪಾಡೇನು ಎಂದು ಗೋಡೆಯ ಅಂಚಿನಲ್ಲಿ ನನ್ನನ್ನು ನಿಲ್ಲಿಸಿ ವಿವರಿಸಿದರು. ಏನೂ ಗೊತ್ತಿಲ್ಲದ ಮನುಷ್ಯನಾಗಿದ್ದರೆ ಪಾಪ ಎಂದು ಬಿಡುತ್ತಿದ್ದೆ. ಅವರಿಗೆ ಎಲ್ಲ ಗೊತ್ತಿತ್ತು. ನನ್ನ ಹೇಸಿಗೆಗೆ ಮುಖ್ಯ ಕಾರಣವೇ ಅದು.

ಗೊತ್ತಿದ್ದದ್ದು ಹೇಗೆಂದರೆ, ಬಾಗಿಲು ತಯಾರಿಸಿದ ಕಂಪನಿಯವರು ಅವರನ್ನು ಒಮ್ಮೆ ತರಬೇತಿಗೆ ಫ್ರಾನ್ಸಿಗೆ ಕರೆಸಿಕೊಂಡಿದ್ದರು. ಅಲ್ಲಿ ಶತಮಾನಗಳ ಹಿಂದೆ ಅಗೆದ ಒಂದು ಕಾಲುವೆ ಇದೆಯಂತೆ. ಒಂದು ನದಿಯಿಂದ ಶುರುವಾಗಿ, ಇನ್ನೆರಡು ನದಿಗಳ ನೀರನ್ನು ದಾರಿಯಲ್ಲಿ ಕೂಡಿಸಿಕೊಂಡು, ಲಾಕುಗಳ ಮೆಟ್ಟಿಲು ಹತ್ತಿ ಇಳಿದು ಸಮುದ್ರಕ್ಕೆ ಹೋಗುವ ಕಾಲುವೆ. ತರಬೇತಿ ಮುಗಿದ ಮೇಲೆ ಅವರು ದೋಣಿಯಲ್ಲಿ ಆ ಕಾಲುವೆಯುದ್ದಕ್ಕೂ ಹೋಗಿ ಬಂದರು. ಬಂದವರು ಮತ್ತೆ ಆ ಕಾಲುವೆಯಿಂದ ಆಚೆಗೆ ಬರಲೇ ಇಲ್ಲ.

ರಾಜ್ಯೋತ್ಸವದ ಭಾಷಣದಲ್ಲಿ ಕಾಲುವೆ. ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಸಪಾದಭಕ್ಷ್ಯ ಬಾಯಲ್ಲಿಟ್ಟುಕೊಂಡು ಕಾಲುವೆ. ಮಗುವಿನ ಹುಟ್ಟುಹಬ್ಬದಲ್ಲಿ ಮೇಣದಬತ್ತಿ ಆರುವುದರೊಳಗೆ ಕಾಲುವೆ. ಊಟದ ಎಲೆಯ ಮೇಲೆ ಚಟ್ನಿಯಿಂದ ಲಾಕಿನ ಚಿತ್ರ ಬರೆಯುತ್ತಿದ್ದರು. “ನೋಡ್ರಪ್ಪಾ, ಗೋಡೆ ನೆಟ್ಟಗಿಲ್ಲ, ಮೊಟ್ಟೆ ಥರ ಉಬ್ಬಿದೆ. ಯಾಕೆ ಹೇಳಿ? ನೆಟ್ಟಗೆ ಕಟ್ಟಿದ್ರೆ ಹೊರಗಿನ ಮಣ್ಣು ತಳ್ಳಿ ಬೀಳಿಸಿಬಿಡುತ್ತೆ. ಮೊದಲು ಕಟ್ಟಿದ್ದು ಬಿದ್ದೇ ಹೋಯ್ತಂತೆ. ಆಮೇಲೆ ಬಾಗಿಸಿ ಕಟ್ಟಿದ್ರು, ಇವತ್ತಿಗೂ ನಿಂತಿದೆ” ಎಂದು ಹೇಳಿ ಆ ಬೆರಳನ್ನು ಬುಡದವರೆಗೂ ಬಾಯಿಗೆ ಹಾಕಿ ನೆಕ್ಕುತ್ತಿದ್ದರು. ಮತ್ತೆ ಅದೇ ಬೆರಳಿನಿಂದ ಪಕ್ಕದವರ ಎಲೆಯ ಒಬ್ಬಟ್ಟಿನ ಅಂಚು ಮುರಿಯುತ್ತಿದ್ದರು. ಯಾರೂ ಏನೂ ಅನ್ನುತ್ತಿರಲಿಲ್ಲ. ದೊಡ್ಡ ಮನುಷ್ಯರಲ್ಲವೇ. ನಾನು ಎಲೆಯನ್ನು ಎಡಗಡೆಗೆ ಸರಿಸಿಕೊಂಡು ಉಣ್ಣುತ್ತಿದ್ದೆ.

ಆ ಕಥೆಯಲ್ಲಿ ಅವರಿಗೆ ತುಂಬ ಪ್ರಿಯವಾದದ್ದು ಎರಡು ಭಾಗ. ನದಿ ಉಕ್ಕಿದಾಗ ಕಾಲುವೆಯ ಬಾಗಿಲನ್ನು ಮಂತ್ರಿ ಬಂದರೂ ತೆಗೆಯುವುದಿಲ್ಲ, ಎಲ್ಲರೂ ದಡದಲ್ಲಿ ಕಾಯಬೇಕು ಎಂಬುದು ಒಂದು. ಲಾಕಿನಲ್ಲಿ ಹಗ್ಗ ಹಿಡಿದವನು ಕೈ ಎತ್ತುವವರೆಗೆ ಬಾಗಿಲು ಕಾಯುವವನು ತೂಬು ಮುಟ್ಟುವುದಿಲ್ಲ ಎಂಬುದು ಇನ್ನೊಂದು. “ಅಲ್ಲಿ ಯಜಮಾನ ಯಾರು ಗೊತ್ತಾ? ದೋಣಿಯವನಲ್ಲ, ಎಂಜಿನಿಯರ್ ಅಲ್ಲ, ಹಗ್ಗದವನು! ಅವನ ಕೈ ಮೇಲೆದ್ದರೆ ನೀರು, ಇಲ್ಲದಿದ್ದರೆ ಇಲ್ಲ” ಎನ್ನುವಾಗ ಅವರ ಕಣ್ಣು ತುಂಬಿ ಬರುತ್ತಿತ್ತು. ಮೊದಮೊದಲು ನಾನೂ ತುತ್ತು ಬಿಟ್ಟು ಕೇಳುತ್ತಿದ್ದೆ. ಈ ನಿಯಮವನ್ನು ನಮ್ಮ ಲಾಕಿಗೆ ತಂದವರೂ ಅವರೇ. ಕೆಳಗೆ ಗೋಡೆಯ ಮೇಲಿರುವ ಹಗ್ಗದವನು ಎಲ್ಲ ದೋಣಿಗಳ ಹಗ್ಗ ನೋಡಿ, ಬಲಗೈ ಎತ್ತಿ “ಖಲಾಸ್!” ಎಂದು ಕೂಗಬೇಕು. ಆಮೇಲೆ ನಾನು ಗುಂಡಿ ಒತ್ತಬೇಕು.

ನಮ್ಮ ಹಗ್ಗದವರನ್ನು ಇಲ್ಲಿ ಅದ್ರಾಮಾಕ ಎಂದು ಕರೆಯುತ್ತೇನೆ. ಅದು ಅವರ ಹೆಸರಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ. ಉಳ್ಳಾಲದ ಕಡೆಯ ಬ್ಯಾರಿ, ಐವತ್ತರ ಆಸುಪಾಸು, ಮೀನಿನ ಬೋಟಿನಲ್ಲಿ ಬೆಳೆದವರು. ಬಾಯಿ ಬಹಳ. ತಾನು ಕಂಡ ಮೀನು ಎಲ್ಲರೂ ಕಂಡ ಮೀನಿಗಿಂತ ದೊಡ್ಡದು, ತಾನು ಸಿಕ್ಕಿಬಿದ್ದ ಗಾಳಿ ಎಲ್ಲರ ಗಾಳಿಗಿಂತ ಜೋರು. “ನಾನು ಒಮ್ಮೆ ಒಂದೇ ಕೈಯಲ್ಲಿ ಬೋಟು ನಿಲ್ಲಿಸಿದ್ದುಂಟು ಮೇಡಂ, ಮತ್ತೊಂದು ಕೈಯಲ್ಲಿ ಬೀಡಿ” ಎನ್ನುತ್ತಿದ್ದರು. ಮಂಗಳೂರಿನ ದಕ್ಕೆಯಲ್ಲಿ, ಅಂದರೆ ಮೀನಿನ ಬಂದರಿನಲ್ಲಿ, ಬೋಟಿಗೆ ಹೋಗುವ ಅವರ ದೊಡ್ಡ ಮಗನೇ ಅಪ್ಪನ ಮಾತಿನಲ್ಲಿ ಅರ್ಧ ಕಳೆದು ಕೇಳುತ್ತಾನೆ ಎಂದು ಅವರೇ ಹೇಳಿ ನಗುತ್ತಿದ್ದರು. ಆದರೆ ಗೋಡೆಯ ಮೇಲೆ ನಿಂತರೆ ಆ ಬಾಯಿ ಬಂದ್. ಹಗ್ಗ, ನೀರು, ನನ್ನ ಗಾಜು, ಅಷ್ಟೇ.

ಅವರನ್ನು ನಮ್ಮ ಸರ್ ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಎರಡು ಚಪ್ಪಾಳೆ, “ಏಯ್!” ಅಷ್ಟೇ. ಯುಗಾದಿಯ ದಿನ ಬೇವುಬೆಲ್ಲದ ಬಟ್ಟಲು ಹಿಡಿದು ಗೋಡೆಯವರೆಗೂ ಹೋಗಿ, ಅದ್ರಾಮಾಕನ ಹೆಗಲ ಮೇಲೆ ಕೈ ಹಾಕಿ, “ಇವನು ನಮ್ಮವನು!” ಎಂದು ಫೋಟೋ ತೆಗೆಸಿಕೊಂಡರು. ಫೋಟೋ ಆದ ಮೇಲೆ ಕ್ಯಾಬಿನ್ನಿಗೆ ಬಂದು, ಮೇಜಿನ ಮೇಲಿದ್ದ ಸೀಸೆಯನ್ನು ಒತ್ತಿ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡರು, ಮೊಣಕೈಯವರೆಗೆ. ಫೋಟೋ ಮಾತ್ರ ಬಳಗದ ಗುಂಪಿನಲ್ಲಿ ಈಗಲೂ ಇದೆ. ‘ಬಡ ಕಾರ್ಮಿಕರ ತಂದೆ’ ಎಂದವರು ಅದನ್ನೇ ಮತ್ತೆ ಹಾಕಿದ್ದಾರೆ.

ಮೇಲಿನವರ ಮುಂದೆ ಅವರು ಬೇರೆಯೇ ಪ್ರಾಣಿ. ದೋಣಿಗಳ ಮಾಲೀಕರು ಬಂದರೆ ಎದೆಯ ಮೇಲೆ ಅಂಗೈ ಇಟ್ಟು, ಬೆನ್ನು ಬಗ್ಗಿಸಿ, “ತಾಮುರ್, ತಾಮುರ್” ಎಂದು ಹಾಡುತ್ತಿದ್ದರು. ಅಪ್ಪಣೆಯಾಗಲಿ ಎಂದು ಅರ್ಥ. ಕುವೈತಿಗಳೂ ಅದನ್ನು ಹೇಳುತ್ತಾರೆ, ಮರ್ಯಾದೆಗೆ ಒಂದು ಸಲ ಹೇಳಿ ಸುಮ್ಮನಾಗುತ್ತಾರೆ. ಇವರದು ಉಸಿರು ಕಟ್ಟುವವರೆಗೂ ಮುಗಿಯುತ್ತಿರಲಿಲ್ಲ. ಮಾಲೀಕರು ಕೊಟ್ಟುಹೋದ ವಿಸಿಟಿಂಗ್ ಕಾರ್ಡುಗಳನ್ನು ಜೇಬಿನಲ್ಲಿಟ್ಟುಕೊಂಡು, ಊಟವಾದ ಮೇಲೆ ಅವುಗಳ ಮೂಲೆಯಿಂದ ಹಲ್ಲು ಚುಚ್ಚುತ್ತಿದ್ದರು. ಗೌರವ ಎನ್ನುವುದು ಅವರ ಒಳಗೆ ಎಷ್ಟು ಆಳಕ್ಕೆ ಇಳಿದಿತ್ತು ಎಂದು ನಾನು ಆ ಕಾರ್ಡುಗಳನ್ನು ನೋಡಿ ತಿಳಿದುಕೊಂಡೆ.

ಸರದಿಯ ವಿಷಯದಲ್ಲಿ ನಮಗೆ ಜಗಳ ಶುರುವಾದದ್ದು ಇದರಿಂದಲೇ. ಬಂದ ಕ್ರಮದಲ್ಲಿ ದೋಣಿ ಬಿಡಬೇಕು ಎಂಬುದು ನಿಯಮ. ದೊಡ್ಡ ಯಾಟ್ ಕಂಡರೆ ಅವರು ರೇಡಿಯೋವನ್ನು ನನ್ನ ಕೈಯಿಂದ ಕಿತ್ತುಕೊಂಡು ಅದಕ್ಕೆ ಮೊದಲು ದಾರಿ ಬಿಡುತ್ತಿದ್ದರು. “ಕಾಲುವೇಲಿ ಮಂತ್ರಿ ಕಾಯ್ತಾನೆ ಅಂದ್ರಲ್ಲಾ ಸರ್?” ಎಂದು ನಾನು ಒಮ್ಮೆ ಕೇಳಿಯೇಬಿಟ್ಟೆ. ಅವರಿಗೆ ಸಿಟ್ಟು ಬರಲಿಲ್ಲ. ನಕ್ಕರು. “ಅದು ಅಲ್ಲಿ ಕಣಮ್ಮಾ. ಇದು ಇಲ್ಲಿ” ಎಂದರು. ನನ್ನ ತಲೆ ತಟ್ಟಿ ಹೊರಗೆ ಹೋದರು. ಆ ತಲೆ ತಟ್ಟಿದ್ದು ನನಗೆ ಇವತ್ತಿಗೂ ಮೈ ಉರಿಸುತ್ತದೆ.

ಈಗ ಆ ದಿನದ ಮಾತು. ಸಮುದ್ರ ಚೆನ್ನಾಗಿ ಇಳಿದಿದ್ದ ಒಂದು ಶುಕ್ರವಾರದ ಮಧ್ಯಾಹ್ನ. ಹೊರಗೆ ಹೋಗುವ ನಾಲ್ಕಾರು ಸಣ್ಣ ದೋಣಿಗಳು ಕೋಣೆಯೊಳಗೆ ನಿಂತಿದ್ದವು. ಹೊರಗಡೆ, ಸಮುದ್ರದ ಬದಿಯಲ್ಲಿ, ಒಂದು ದೊಡ್ಡ ಬಿಳಿ ಯಾಟ್ ಒಳಗೆ ಬರಲು ಕಾಯುತ್ತಿತ್ತು. ಕೋಣೆಯಲ್ಲಿದ್ದ ದೋಣಿಯೊಂದರ ಹೊಸ ಮಾಲೀಕ ತನ್ನ ಹಗ್ಗವನ್ನು ಕಬ್ಬಿಣದ ಗೂಟಕ್ಕೆ ಸುತ್ತಿ ಹಿಡಿಯುವ ಬದಲು ಗಂಟು ಹಾಕಿ ಬಿಗಿದುಬಿಟ್ಟಿದ್ದ. ನೀರು ಇಳಿಯುವಾಗ ಹಗ್ಗ ಸಡಿಲಾಗುತ್ತ ಹೋಗಬೇಕು. ಗಂಟು ಇದ್ದರೆ ದೋಣಿ ಗೋಡೆಗೆ ನೇತುಬೀಳುತ್ತದೆ. ಅದ್ರಾಮಾಕ ಅದನ್ನು ಕಂಡು ಓಡಿ ಬಂದು, ಮಂಡಿಯೂರಿ, ಗಂಟು ಬಿಚ್ಚುತ್ತಿದ್ದರು.

ಅಷ್ಟರಲ್ಲಿ ಹೊರಗಿನ ಯಾಟ್ ಹಾರ್ನ್ ಹೊಡೆಯಿತು. ಉದ್ದಕ್ಕೆ, ಎರಡು ಸಲ.

ಸರ್ ಕ್ಯಾಬಿನ್ನಿನೊಳಗೇ ಇದ್ದರು. ಹಾರ್ನ್ ಕೇಳಿದ್ದೇ ತಡ, ಅಲ್ಲಿಗೆ ಕಾಣಿಸುವುದಿಲ್ಲ ಎಂದು ಗೊತ್ತಿದ್ದರೂ ಎದೆಯ ಮೇಲೆ ಅಂಗೈ ಇಟ್ಟುಕೊಂಡರು. “ಬಿಡಮ್ಮಾ ನೀರು, ಬಿಡು ಬಿಡು” ಎಂದರು. “ಅದ್ರಾಮಾಕ ಇನ್ನೂ ಕೈ ಎತ್ತಿಲ್ಲ ಸರ್” ಎಂದೆ. “ಅವನದ್ದೇನು, ಎತ್ತುತ್ತಾನೆ” ಎಂದು ನನ್ನ ಹೆಗಲ ಮೇಲಿಂದ ಕೈ ಚಾಚಿ ಗುಂಡಿ ಒತ್ತಿಬಿಟ್ಟರು. ಸ್ವಲ್ಪ ಸ್ವಲ್ಪವಲ್ಲ, ತೂಬು ಪೂರ್ತಿ. ನಾನು ನಿಲ್ಲಿಸುವ ಗುಂಡಿ ಒತ್ತುವಷ್ಟರಲ್ಲಿ ಕೋಣೆಯ ನೀರು ಕುಸಿದಿತ್ತು, ದೋಣಿ ಮುಂದಕ್ಕೆ ಜಗ್ಗಿತ್ತು, ಆ ಹಗ್ಗ ಅದ್ರಾಮಾಕನ ಬಲಗೈಯನ್ನು ಗೂಟಕ್ಕೆ ಸೇರಿಸಿ ಬಿಗಿದಿತ್ತು. ಗಾಜಿನ ಈಚೆಗೆ ಶಬ್ದ ಸರಿಯಾಗಿ ಕೇಳುವುದಿಲ್ಲ. ನನಗೆ ಅವರ ತೆರೆದ ಬಾಯಿ ಮಾತ್ರ ಕಂಡಿತು.

ಎರಡು ಬೆರಳು ಹೋದವು. ಮೂರನೆಯದು ಮಡಚುವುದಿಲ್ಲ.

ಆ ಯಾಟಿನ ಮಾಲೀಕರು ವಯಸ್ಸಾದ ಒಬ್ಬ ಕುವೈತಿ. ಮಾರನೆಯ ದಿನ ಖರ್ಜೂರದ ಡಬ್ಬ ಹಿಡಿದು ಆಸ್ಪತ್ರೆಗೆ ತಾವೇ ಬಂದರು. ಅದ್ರಾಮಾಕನ ತಲೆಯ ಹತ್ತಿರ ಬಹಳ ಹೊತ್ತು ನಿಂತಿದ್ದರು. ನಾನೂ ಅಲ್ಲಿದ್ದೆ. ಹೊರಗೆ ಬಂದಾಗ ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು, ನೀರು ಬೇಗ ಬಿಡಿ ಎಂದು ಯಾರು ಹೇಳಿದ್ದು ಎಂದು. ನಿಮ್ಮ ಹಾರ್ನ್ ಕೇಳಿ ನಮ್ಮ ಸರ್ ಬಿಟ್ಟರು ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಅವರ ದೋಣಿಯ ಮುಂದೆ ಇಬ್ಬರು ಹುಡುಗರು ಜೆಟ್‌ಸ್ಕೀ ಓಡಿಸುತ್ತ ಅಡ್ಡ ಬಂದಿದ್ದರಂತೆ. ಹಾರ್ನ್ ಹೊಡೆದದ್ದು ಆ ಹುಡುಗರಿಗೆ. “ನನಗೆ ಯಾವ ಅವಸರವೂ ಇರಲಿಲ್ಲ, ನಾನು ಚಹಾ ಕುಡಿಯುತ್ತಿದ್ದೆ” ಎಂದರು.

ಇದನ್ನು ನಾನು ಸರ್‌ಗೆ ಹೇಳಿದೆ. ಹೇಳಿದಾಗ ಅವರ ಮುಖದಲ್ಲಿ ಏನಾದರೂ ಕಾಣಬಹುದು ಎಂದು ನೋಡಿದೆ. “ದೊಡ್ಡೋರು, ಹಂಗೇ ಹೇಳ್ತಾರೆ. ಅವರ ದೊಡ್ಡತನ ನೋಡು” ಎಂದರು. ಅಲ್ಲಿಯೂ ಅವರಿಗೆ ಕಂಡದ್ದು ಯಾಟಿನವರ ದೊಡ್ಡತನ.

ವಿಚಾರಣೆ ಮುದೀರ್ ಅವರ ಕೋಣೆಯಲ್ಲಿ ನಡೆಯಿತು. ಮುದೀರ್ ಎಂದರೆ ನಮ್ಮೆಲ್ಲರ ಮೇಲಿನ ಮ್ಯಾನೇಜರು. ಕೆಟ್ಟ ಮನುಷ್ಯನಲ್ಲ, ಕೇಳಿದ್ದನ್ನು ಬರೆದುಕೊಳ್ಳುವ ಮನುಷ್ಯ. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ: ಕೈ ಎತ್ತಿರಲಿಲ್ಲ, ಗುಂಡಿ ಒತ್ತಿದವರು ಇವರು. ಸರ್ ಮೆಲ್ಲಗೆ ಕೆಮ್ಮಿ, ಕಾಲುವೆಯ ಕಥೆಯಿಂದಲೇ ಪ್ರಾರಂಭಿಸಿದರು. ಹಗ್ಗದವನು ಕೈ ಎತ್ತದೆ ನೀರು ಬಿಡಬಾರದು ಎಂಬ ನಿಯಮವನ್ನು ಈ ದೇಶಕ್ಕೆ ತಂದವನೇ ನಾನು, ಅಂಥವನು ಅದನ್ನು ಮೀರುತ್ತೇನೆಯೇ ಎಂದು ಕೇಳಿದರು. ಅವನು ಕೈ ಎತ್ತಿದ್ದನ್ನು ಕಂಡೇ ಒತ್ತಿದೆ, ಆಮೇಲೆ ಅವನಿಗೆ ಗಂಟು ನೆನಪಾಗಿ ಮತ್ತೆ ಕೈ ಹಾಕಿರಬೇಕು, ಈ ಹುಡುಗಿ ಆಗ ರೇಡಿಯೋ ನೋಡುತ್ತಿದ್ದಳು ಎಂದರು. ಸೊಗಸಾಗಿ ಹೇಳಿದರು. ಕಣ್ಣು ಕೂಡ ತುಂಬಿಕೊಂಡರು. 

ಮುದೀರ್ ಅವರು ಅದ್ರಾಮಾಕನ ಕಡೆ ತಿರುಗಿ, ನೀನು ಕೈ ಎತ್ತಿದ್ದೆಯಾ ಎಂದು ಕೇಳಿದರು. ಅದ್ರಾಮಾಕ ಬ್ಯಾಂಡೇಜು ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನನ್ನ ಕಡೆ ನೋಡಲಿಲ್ಲ.

“ಎತ್ತಿದ್ದೆ ಸಾರ್. ತಪ್ಪು ನಂದೇ” ಎಂದರು.

ಹೊರಗೆ ಕಾರ್ ನಿಲ್ಲಿಸುವ ಜಾಗದಲ್ಲಿ ಅವರನ್ನು ಹಿಡಿದು ನಿಲ್ಲಿಸಿ, ಯಾಕೆ ಹಾಗೆ ಹೇಳಿದಿರಿ ಎಂದು ಜೋರಾಗಿಯೇ ಕೇಳಿದೆ. “ಮೆಲ್ಲ ಮಾತಾಡಿ ಮಾರಾಯ್ರೇ” ಎಂದರು. “ಸಾರ್ ನಿನ್ನೆ ರೂಮಿಗೆ ಬಂದಿದ್ರು. ಎತ್ತಿಲ್ಲ ಅಂತ ಹೇಳಿದ್ರೆ ಕೇಸು. ಕೇಸು ಮುಗಿಯುವ ತನಕ ಕೆಲಸ ಇಲ್ಲ, ಇಕಾಮಾ ರಿನೀವಲ್ ಇಲ್ಲ, ಈ ಕೈ ಹಿಡ್ಕೊಂಡು ಊರಿಗೆ. ಎತ್ತಿದ್ದೆ ಅಂತ ಹೇಳಿದ್ರೆ ಗೇಟಿನಲ್ಲಿ ವಾಚ್‌ಮನ್ ಕೆಲಸ ಖಾಯಂ. ನಾನೆಂತ ಮಾಡ್ಲಿ? ಸಣ್ಣ ಮಗಳ ಮದುವೆ ಉಂಟು.” ಇಕಾಮಾ ಎಂದರೆ ಇಲ್ಲಿ ಇರಲು ಕೊಡುವ ಪರವಾನಗಿ, ಅದು ಹೋದರೆ ಊರೇ ಗತಿ. ಅವರ ಮೇಲೆ ಕೋಪ ಮಾಡಿಕೊಳ್ಳಲು ನನ್ನಲ್ಲಿ ಏನೂ ಉಳಿಯಲಿಲ್ಲ. ಅದೆಲ್ಲವೂ ಒಟ್ಟಾಗಿ ಇನ್ನೊಬ್ಬರ ಕಡೆ ಹೋಯಿತು, ಅಲ್ಲಿಯೇ ಉಳಿದಿದೆ.

ನಿಯಮ ಮುರಿದು ಒಬ್ಬರ ಕೈ ಕೆಡಿಸಿದ್ದು ಒಂದು ಪಾಪ. ಅವಸರ, ಹೆದರಿಕೆ, ಮೂರ್ಖತನ ಎಂದುಕೊಂಡು ನಾನು ಅದನ್ನು ಹೇಗೋ ನುಂಗುತ್ತಿದ್ದೆನೇನೋ. ಆದರೆ ಬೆರಳು ಕಳೆದುಕೊಂಡವರ ಬಾಯಿಂದಲೇ ತಪ್ಪು ನನ್ನದು ಎಂದು ಹೇಳಿಸಿ, ಅದಕ್ಕೆ ಪ್ರತಿಯಾಗಿ ಗೇಟಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟು, ಅದನ್ನು ಉಪಕಾರ ಎಂದು ಊರೆಲ್ಲ ಸಾರಿದರಲ್ಲ, ಅದು ನನ್ನ ಗಂಟಲಲ್ಲಿ ಇಳಿಯುವುದಿಲ್ಲ. “ಕಂಪನಿ ಅವನನ್ನ ಕಳಿಸಿಬಿಡ್ತಾ ಇತ್ತು. ನಾನು ಹಟ ಹಿಡಿದು ಉಳಿಸಿಕೊಂಡೆ. ನಮ್ಮವನಲ್ವಾ” ಎಂದು ಬಳಗದ ಮುಂದಿನ ಊಟದಲ್ಲೇ ಹೇಳಿದರು. ಎಲ್ಲರೂ ತಲೆದೂಗಿದರು. ನಾನು ಎಲೆ ಮಡಚಿ ಎದ್ದು ಬಂದೆ. ಮಜ್ಜಿಗೆ ಬಡಿಸುವ ಮೊದಲೇ ಎದ್ದದ್ದಕ್ಕೆ ನನಗೆ ಅಹಂಕಾರ ಎಂದು ಮಾತಾಯಿತು.

ಅದಾದ ಮೇಲೂ ಅವರ ಕೈಕೆಳಗೆ ಕೆಲಸ ಮಾಡಿದೆ. ಒಂದು ಸಲವೂ ನನ್ನ ಮೇಲೆ ರೇಗಲಿಲ್ಲ, ಒಂದು ರಜೆಯನ್ನೂ ನಿರಾಕರಿಸಲಿಲ್ಲ. ಬೆಳಿಗ್ಗೆ ಬಂದು, “ಏನಮ್ಮಾ, ತಿಂಡಿ ಆಯ್ತಾ?” ಎಂದು ಮೊದಲಿನಂತೆಯೇ ಕೇಳುತ್ತಿದ್ದರು. ತಾನು ಹೇಳಿದ್ದು ಸುಳ್ಳು ಎಂಬುದು ಅವರಿಗೆ ಮರೆತೇ ಹೋಗಿತ್ತೋ ಏನೋ. ನಿವೃತ್ತಿಯ ದಿನ ಬೀಳ್ಕೊಡುಗೆಯಲ್ಲಿ ಮೈಸೂರು ಪೇಟ ತೊಡಿಸಿದಾಗ ಮತ್ತೆ ಕಾಲುವೆಯ ಕಥೆ ಹೇಳಿದರು. ಹಗ್ಗದವನು ಕೈ ಎತ್ತುವ ಭಾಗಕ್ಕೆ ಬಂದಾಗ ದನಿ ಗದ್ಗದವಾಯಿತು. ಅದು ನಾಟಕವಲ್ಲ ಎಂಬುದೇ ಭಯಂಕರ. ಅವರಿಗೆ ಆ ಕಾಲುವೆಯ ಮೇಲೆ, ಆ ಹಗ್ಗದವನ ಮೇಲೆ ನಿಜವಾದ ಪ್ರೀತಿ ಇತ್ತು. ಅವನು ಫ್ರಾನ್ಸಿನಲ್ಲಿ ಇರುವವರೆಗೆ.

ಅದ್ರಾಮಾಕ ಈಗಲೂ ಗೇಟಿನಲ್ಲಿದ್ದಾರೆ. ಸುದ್ದಿ ಬಂದ ದಿನ ಸಂಜೆ ಪಾಳಿಗೆ ಹೋದಾಗ ಕಾರು ನಿಲ್ಲಿಸಿ ಅವರ ಹತ್ತಿರ ಹೋದೆ. ನಿಜ ಹೇಳುತ್ತೇನೆ, ಅವರ ಮುಖದಲ್ಲಿ ಸ್ವಲ್ಪ ಸಮಾಧಾನ ಕಾಣುವ ಆಸೆಯಿಂದಲೇ ಹೋದೆ. “ನಿಮ್ಮ ಸಾರ್ ಹೋಗ್ಬಿಟ್ರು, ಇವತ್ತು ಬೆಳಿಗ್ಗೆ, ಮೈಸೂರಲ್ಲಿ” ಎಂದೆ.

ಅವರು “ಇನ್ನಾಲಿಲ್ಲಾಹಿ” ಎಂದು ಮೆಲ್ಲಗೆ ಹೇಳಿ, ಚಹಾದ ಲೋಟ ಕೆಳಗಿಟ್ಟರು. ಮುಖ ಬಿಳಿಚಿಕೊಂಡಿತು.  ಆಮೇಲೆ, “ಮಗನಿಗೆ ಹೇಳ್ತೇನೆ ಅಂದಿದ್ರು” ಎಂದರು.

ಏನು ಹೇಳುತ್ತೇನೆ ಅಂದಿದ್ದರು ಎಂದು ಕೇಳಿದೆ.

“ನಾನು ಕೈ ಎತ್ತಿಲ್ಲ ಅಂತ. ನನ್ನ ರೂಮಿನವರು ಯಾರೂ ನಂಬುದಿಲ್ಲ ಮೇಡಂ. ಆಫೀಸಿನಲ್ಲಿ ನೀನೇ ಒಪ್ಪಿದ್ದಲ್ವಾ, ಈಗ ಎಂತ ಬಡಾಯಿ ಅಂತಾರೆ. ಊರಲ್ಲಿ ಮಗ ಕೂಡ ಹಾಗೇ. ಅವನು ಬೋಟಿನವ. ಗಂಟು ನೋಡದೆ ಕೈ ಎತ್ತಿದ ಅಪ್ಪ ಅಂದ್ರೆ ಅವನಿಗೆ ನಾಚಿಕೆ. ದಕ್ಕೆಯಲ್ಲಿ ಅವನನ್ನ ತಮಾಷೆ ಮಾಡ್ತಾರಂತೆ. ನಾನು ಮೊದಲಿಂದ ಬಾಯಿ ಬಡ್ಕ, ನನ್ನ ಮಾತು ಯಾರು ನಂಬ್ತಾರೆ? ಸಾರ್ ಹೊರಡುವಾಗ ಕೇಳಿದೆ. ಕಂಪನಿಗೆ ಬೇಡ ಸಾರ್, ನನ್ನ ಮಗನಿಗೆ ಒಂದು ಫೋನು ಮಾಡಿ ಅಂತ. ಆಯ್ತು, ಊರಿಗೆ ಹೋಗಿ ಮಾಡ್ತೇನೆ ಅಂದ್ರು.”

ನಾನೇ ಮಗನಿಗೆ ಹೇಳುತ್ತೇನೆ, ನಂಬರ್ ಕೊಡಿ ಎಂದೆ. ತಲೆ ಅಲ್ಲಾಡಿಸಿದರು. “ನೀವು ಹೇಳಿದ್ರೆ ಪಾಪ ಕನಿಕರಕ್ಕೆ ಹೇಳ್ತಾರೆ ಅಂತಾನೆ. ಗುಂಡಿ ಒತ್ತಿದವರು ಹೇಳ್ಬೇಕಿತ್ತು.”

ಫೋನು ತೆಗೆದು ತೋರಿಸಿದರು. ಎಡಗೈಯಲ್ಲಿ ಟೈಪ್ ಮಾಡಿದ ಸಂದೇಶಗಳು, ಪ್ರತಿ ಶುಕ್ರವಾರಕ್ಕೆ ಒಂದರಂತೆ. ‘ಸಾರ್ ಸೌಖ್ಯವಾ.’ ‘ಸಾರ್ ಮಗನಿಗೆ ಫೋನ್ ಮಾಡಿದಿರಾ.’ ‘ಸಾರ್ ಬಿಸಿ ಇದ್ದೀರಾ.’ ಪ್ರತಿಯೊಂದಕ್ಕೂ ತಪ್ಪದೆ ಉತ್ತರ ಬಂದಿತ್ತು. ಮಂಜಿನ ಹನಿ ಕೂತ ಗುಲಾಬಿ, ಉಗಿಯಾಡುವ ಕಾಫಿ ಲೋಟ, ಹಾರುವ ಪಾರಿವಾಳ, ಮೇಲೆ ಮಿನುಗುವ ಅಕ್ಷರದಲ್ಲಿ ಶುಭೋದಯ. ಒಂದೇ ಒಂದು ಮಾತಿಲ್ಲ. ಆ ಗುಲಾಬಿಗಳನ್ನು ನೋಡಿ ನನಗೆ ಹುಟ್ಟಿದ ಹೇಸಿಗೆಗೆ ಕನ್ನಡದಲ್ಲಿ ಸರಿಯಾದ ಬೈಗುಳ ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದರೂ ಬಳಗದವರು ಅಚ್ಚು ಹಾಕುತ್ತಿರಲಿಲ್ಲ.

“ಅವರ ಬಗ್ಗೆ ಬರೆಯೋಕೆ ಹೇಳಿದ್ದಾರೆ ನನಗೆ” ಎಂದೆ.

ಅದ್ರಾಮಾಕ ತಲೆಯೆತ್ತಿದರು. “ಕನ್ನಡದಲ್ಲಾ?”

“ಹೂಂ.”

“ಆಫೀಸಿನಲ್ಲಿ ಕನ್ನಡ ಓದುವವರು ನಿಮ್ಮನ್ನು ಬಿಟ್ರೆ ಯಾರೂ ಇಲ್ಲ, ಅಲ್ವಾ?” ಎಂದು ಸ್ವಲ್ಪ ಯೋಚಿಸಿದರು. “ಹಾಗಾದ್ರೆ ಬರೀರಿ. ನನ್ನ ಹೆಸರು ಹಾಕ್ಬೇಡಿ, ಇಕಾಮಾ ಉಂಟು. ಅವರ ಹೆಸರೂ ಹಾಕ್ಬೇಡಿ ಮೇಡಂ, ಸತ್ತವರು, ಹೆಂಡತಿ ಮಕ್ಕಳು ಓದ್ತಾರೆ. ಆದರೆ ಅದೊಂದು ಹಾಕಿ. ಮಗನಿಗೆ ಕಳಿಸ್ತೇನೆ. ಅಚ್ಚಿನಲ್ಲಿ ಬಂದ್ರೆ ನಂಬಿಯಾನು.”

ಕಾರ್ಯದರ್ಶಿಗಳೇ, ನೀವು ಕೇಳಿದ ಒಳ್ಳೊಳ್ಳೆ ನೆನಪುಗಳು ಇವು. ನಿಮಗೆ ಬೇಡವಾದ ಸಾಲುಗಳನ್ನು ಹೊಡೆದುಹಾಕಿ. ಚಟ್ನಿ ತೆಗೆಯಿರಿ, ಕಾರ್ಡು ತೆಗೆಯಿರಿ, ಗುಲಾಬಿ ತೆಗೆಯಿರಿ. ಅವರನ್ನು ಬೇಕಾದರೆ ಅಜಾತಶತ್ರು ಎಂದೇ ಕರೆಯಿರಿ. ಇದೊಂದನ್ನು ಮುಟ್ಟಬೇಡಿ: ಅದ್ರಾಮಾಕ ಅವತ್ತು ಕೈ ಎತ್ತಿರಲಿಲ್ಲ. ನಾನು ರೇಡಿಯೋ ನೋಡುತ್ತಿರಲಿಲ್ಲ, ಗಾಜಿನ ಹಿಂದೆ ನಿಂತು ಅವರನ್ನೇ ನೋಡುತ್ತಿದ್ದೆ. ಅವರ ಎರಡೂ ಕೈ ಹಗ್ಗದ ಮೇಲಿದ್ದವು.